ಹುಳುಕಡ್ಡಿ: ಬೆಕ್ಕಿಗೂ ಮನೆಗೂ ಮನೆಯವರಿಗೂ ಒಟ್ಟಿಗೇ ಚಿಕಿತ್ಸೆ

ಒಬ್ಬರ ಹುಳುಕಡ್ಡಿ ಮುಲಾಮಿಗೆ ವಾಸಿಯಾಗಿ, ಅಷ್ಟರಲ್ಲೇ ಇನ್ನೊಬ್ಬರಿಗೆ ಎದ್ದರೆ ನಾನು ಮೊದಲು ನೋಡುವುದು ಮನೆಯ ಬೆಕ್ಕನ್ನು. ಬೆಕ್ಕಿನಿಂದ ದಾಟುವುದು ಬಹುಪಾಲು ಮೈಕ್ರೋಸ್ಪೋರಂ ಕ್ಯಾನಿಸ್ ಎಂಬ ಫಂಗಸ್. ಅದರಲ್ಲೂ ಉದ್ದಕೂದಲಿನ ಬೆಕ್ಕು ಮೈಮೇಲೆ ಒಂದೂ ಮಚ್ಚೆಯಿಲ್ಲದೆ ಅದನ್ನು ಹೊತ್ತು ತಿರುಗಬಲ್ಲದು.

ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ (ನೇರಳಾತೀತ ಬೆಳಕಿನ ದೀಪ) ಹಿಡಿದು ಬೆಕ್ಕಿನ ಮೂತಿ, ಕಿವಿಯಂಚು, ಕಾಲ್ಬೆರಳ ಸಂದು, ಬಾಲ ಎಲ್ಲವನ್ನೂ ನಿಧಾನವಾಗಿ ನೋಡುತ್ತೇನೆ. ಸೋಂಕಿದ ಕೂದಲಿನ ಎಳೆಯೇ ಹಸಿರಾಗಿ ಹೊಳೆಯಬೇಕು. ಹೊಟ್ಟು, ಮುಲಾಮು, ಬಟ್ಟೆಯ ನೂಲು ಕೂಡ ಹೊಳೆಯುವುದರಿಂದ ಮೋಸಹೋಗುವುದು ಸುಲಭ. ಹೊಳೆಯಲಿಲ್ಲವೆಂದು ಸುಮ್ಮನಾಗುವಂತೆಯೂ ಇಲ್ಲ. ಹೊಸ ಟೂತ್‌ಬ್ರಷ್‌ನಿಂದ ಇಡೀ ಮೈ ಉಜ್ಜಿ, ಆ ಬ್ರಷ್ಷನ್ನೇ ಕಲ್ಚರ್‌ಗೆ ಕಳಿಸುತ್ತೇನೆ, ಅಂದರೆ ಅದಕ್ಕೆ ಅಂಟಿದ್ದರಿಂದ ಫಂಗಸ್ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುತ್ತಾರೆ.

ಬೆಕ್ಕಿಗೆ ಕುಡಿಸಲು ಇಟ್ರಾಕೊನಜೋಲ್ ಎಂಬ ಫಂಗಸ್ ಔಷಧಿಯ ದ್ರಾವಣ: ಕಿಲೋ ತೂಕಕ್ಕೆ 5 ಮಿಲಿಗ್ರಾಂ, ದಿನಕ್ಕೊಮ್ಮೆ, ಒಂದು ವಾರ ಕೊಟ್ಟು ಒಂದು ವಾರ ಬಿಟ್ಟು ಮೂರು ಸುತ್ತು. ಇದನ್ನು ಪಶುವೈದ್ಯರೇ ಬರೆದುಕೊಡಬೇಕು. ಗಬ್ಬದ ಬೆಕ್ಕಿಗೆ ಕೊಡುವುದಿಲ್ಲ. ಔಷಧಿ ಕೂದಲಿನ ಬುಡದಲ್ಲಿ ಕೆಲಸ ಮಾಡುತ್ತದೆಯೇ ಹೊರತು ಆಗಲೇ ಮೈಮೇಲಿರುವ ಕೂದಲನ್ನು ಶುದ್ಧಮಾಡುವುದಿಲ್ಲ. ಅಂಟಿಸುವುದು ಆ ಕೂದಲೇ. ಆದ್ದರಿಂದ ವಾರಕ್ಕೆರಡು ಸಲ ಸುಣ್ಣ-ಗಂಧಕದ ದ್ರಾವಣದಲ್ಲಿ ಅದ್ದುವುದು, ಅಥವಾ ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಎರಡೂ ಇರುವ ಶಾಂಪೂ ಹಚ್ಚಿ ಪೂರ್ತಿ 10 ನಿಮಿಷ ಬಿಟ್ಟು ತೊಳೆಯುವುದು. ಸುಣ್ಣ-ಗಂಧಕವನ್ನು ತೊಳೆಯಬಾರದು, ಮೈಮೇಲೇ ಆರಬೇಕು. ಆರುವ ತನಕ ನೆಕ್ಕಲು ಬಿಡಬಾರದು. ಬೆಳ್ಳಿ ಒಡವೆ ಕಪ್ಪಾಗುತ್ತದೆ, ತೆಗೆದಿಡಿ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ, ಅದರ ಗೊಡವೆಯೇ ಬೇಡ.

ಸೋತುಹೋಗುವವರು ಹೆಚ್ಚಾಗಿ ಸೋಲುವುದು ಮನೆ ಶುಚಿಮಾಡುವುದರಲ್ಲಿ. ಬೀಜಕಣಗಳು ಉದುರಿದ ಕೂದಲಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ಆದರೆ ನೆಲದ ಮೇಲೆ ಬೆಳೆಯುವುದಿಲ್ಲ. ಕೂದಲು ಹೋದರೆ ಸೋಂಕೂ ಹೋಯಿತು. ಹಾಗಾಗಿ ಬೆಕ್ಕನ್ನು ಸುಲಭವಾಗಿ ಒರೆಸಬಹುದಾದ ಒಂದು ಕೋಣೆಯಲ್ಲಿಟ್ಟು, ದಿನವೂ ಕೂದಲು ತೆಗೆಯುತ್ತೇನೆ. ಒಣ ಪೊರಕೆಯಲ್ಲಿ ಗುಡಿಸಿದರೆ ಗಾಳಿಗೆ ಹಾರುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ಒದ್ದೆ ಬಟ್ಟೆ. ಆಮೇಲೆ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಕೊನೆಗೆ ಒಂದು ಪಾಲು ಬ್ಲೀಚ್‌ಗೆ 32 ಪಾಲು ನೀರು ಬೆರೆಸಿ, 10 ನಿಮಿಷ ನೆಲ ಒದ್ದೆಯಾಗಿರುವಂತೆ ಬಿಡುತ್ತೇನೆ. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಕೊಳೆಯೇ ಅದರ ಶಕ್ತಿ ತಿಂದುಬಿಡುತ್ತದೆ. ಉಚ್ಚೆ ಇರುವ ಕಡೆಯಂತೂ ಮೊದಲು ತೊಳೆಯಲೇಬೇಕು, ಅಲ್ಲಿ ಬ್ಲೀಚ್ ತಾಕಿದರೆ ವಿಷಗಾಳಿ ಏಳುತ್ತದೆ. ಹಾಸಿಗೆ ಬಟ್ಟೆಗಳನ್ನು ಮೆಷಿನ್‌ನಲ್ಲಿ ಕಿಕ್ಕಿರಿಯದಂತೆ ಹಾಕಿ ಎರಡು ಸಲ ಒಗೆದರೆ ಸಾಕು.

ಮನುಷ್ಯರಿಗೆ ಕ್ಲೋಟ್ರಿಮಜೋಲ್ ಅಥವಾ ಟರ್ಬಿನಫಿನ್ ಮುಲಾಮು, ಮಚ್ಚೆಯ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಯವರೆಗೂ. ಮಚ್ಚೆ ಮಾಸಿದ ಮೇಲೂ ಒಂದೆರಡು ವಾರ ಹಚ್ಚಬೇಕು. ಸ್ಟಿರಾಯ್ಡ್ ಬೆರೆತ ಮುಲಾಮು ದಯವಿಟ್ಟು ಬೇಡ: ಕೆಂಪು, ತುರಿಕೆ ಇಳಿಯುತ್ತವೆ, ಫಂಗಸ್ ಮಾತ್ರ ಒಳಗೊಳಗೇ ಹರಡಿ, ಉಂಗುರದ ಗುರುತೂ ಅಳಿಸಿ ವೈದ್ಯರಿಗೇ ತಿಳಿಯದಂತಾಗುತ್ತದೆ. ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬೋಳು ಮಚ್ಚೆಯಾದರೆ ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು.

ಹೊಸ ಕೂದಲು ಬಂತೆಂದು ಬೆಕ್ಕನ್ನು ಕೋಣೆಯಿಂದ ಬಿಡುವುದಿಲ್ಲ. ಮತ್ತೆ ಟೂತ್‌ಬ್ರಷ್ ಕಲ್ಚರ್ ಮಾಡಿಸಿ, ಏನೂ ಬೆಳೆಯದಿದ್ದರೆ ಮಾತ್ರ ಬಿಡುತ್ತೇನೆ.