ಡ್ರೋನ್ ವಿಮೆ ಮೂರು ಸಲ ವಾಪಸ್: ಸಿಕ್ಕಿಬಿದ್ದಿದ್ದು ಸೀರಿಯಲ್ ನಂಬರ್

ದಾವಣಗೆರೆ ಹತ್ತಿರ ಭದ್ರಾ ಕಾಲುವೆ ಕೆಳಗಿನ ಗದ್ದೆಗಳಿಗೆ ಔಷಧಿ ಹೊಡೆಯುವ 10 ಲೀಟರ್ ಡ್ರೋನ್ ನನ್ನದು. ರಿಪೇರಿ ಆದ ಮೇಲೆ ವಿಮೆ ನವೀಕರಣದ ಅರ್ಜಿ 'ವಿವರ ತಾಳೆಯಾಗುತ್ತಿಲ್ಲ' ಅಂತ ಮೂರು ಸಲ ವಾಪಸ್ ಬಂತು. ಥರ್ಡ್ ಪಾರ್ಟಿ ವಿಮೆ ಇಲ್ಲದೆ ಇದನ್ನು ಹಾರಿಸುವಂತಿಲ್ಲ.

ಹೊಸ ಫೋಟೊ ಹಾಕಿದೆ, ಪೈಲಟ್ ಸರ್ಟಿಫಿಕೇಟ್ ಮತ್ತೆ ಕಳಿಸಿದೆ, ಬ್ರೌಸರ್ ಬದಲಿಸಿದೆ. ಪ್ರಯೋಜನ ಆಗಲಿಲ್ಲ. ಹೊಸದಾಗಿ ನೋಂದಣಿ ಮಾಡಿಸೋಣ ಅಂತಲೂ ಹೊರಟಿದ್ದೆ. ಅದು ತಪ್ಪು ದಾರಿ.

2021ರ ಡ್ರೋನ್ ನಿಯಮದಲ್ಲಿ ಯುಐಎನ್ (ಡ್ರೋನ್‌ನ ನೋಂದಣಿ ಸಂಖ್ಯೆ) ಮೂರು ಸೀರಿಯಲ್ ನಂಬರ್‌ಗಳಿಗೆ ಅಂಟಿಕೊಂಡಿರುತ್ತದೆ: ಡ್ರೋನ್, ಫ್ಲೈಟ್ ಕಂಟ್ರೋಲರ್ (ಡ್ರೋನ್ ಒಳಗೆ ಹಾರಾಟ ನಿಯಂತ್ರಿಸುವ ಭಾಗ), ರಿಮೋಟ್. ಕಂಟ್ರೋಲರ್ ಅಥವಾ ರಿಮೋಟ್ ಬದಲಾದರೆ 7 ದಿನದೊಳಗೆ ಸರ್ಕಾರದ ಡ್ರೋನ್ ನೋಂದಣಿ ಪೋರ್ಟಲ್‌ನಲ್ಲಿ ತಿದ್ದಬೇಕು. ರಿಪೇರಿಯಲ್ಲಿ ನನ್ನ ಕಂಟ್ರೋಲರ್ ಬದಲಾಗಿತ್ತು, ದಾಖಲೆಯಲ್ಲಿ ಹಳೆಯದೇ ಇತ್ತು.

ಮೊದಲು ಪ್ರೊಪೆಲ್ಲರ್ ಬಿಚ್ಚಿ. ಆಮೇಲೆ ಬ್ಯಾಟರಿ ಹಾಕಿ, ಆ್ಯಪ್‌ನಲ್ಲಿ ಕಂಟ್ರೋಲರ್ ನಂಬರ್ ಓದಿ. ಸ್ಟಿಕ್ಕರ್ ನೋಡಿ ಬರೆಯಬೇಡಿ. ನನ್ನದರ ಮೇಲೆ ಔಷಧಿ ಕಲೆ ಕೂತು 8 ಯಾವುದು, ಬಿ ಯಾವುದು ಗೊತ್ತಾಗುತ್ತಿರಲಿಲ್ಲ. ಪೋರ್ಟಲ್‌ನಲ್ಲಿ ಅದೇ ಯುಐಎನ್ ತೆರೆದು ಕಂಟ್ರೋಲರ್ ನಂಬರ್ ಮಾತ್ರ ತಿದ್ದಿ. ಮುಂದೆ ಹಿಂದೆ ಖಾಲಿ ಜಾಗ ಉಳಿಯಬಾರದು. ಬದಲಾವಣೆ ದಾಖಲಾದ ಮೇಲೆ ನೋಂದಣಿ ದಾಖಲೆಯ ಹೊಸ ಪ್ರತಿ ಇಳಿಸಿಕೊಂಡು ಅದನ್ನೇ ವಿಮೆಗೆ ಕಳಿಸಿ. ನಾಲ್ಕನೇ ಸಲ ಪಾಸಾಯಿತು.

ಚಳ್ಳಕೆರೆ ಕಡೆ ಕೆಲಸಕ್ಕೆ ಹೋಗುವವರು ಹಾರಿಸುವ ದಿನವೇ ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ವಲಯದ ನಕ್ಷೆ ನೋಡಿ. ಅಲ್ಲಿ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ಪರೀಕ್ಷಾ ವಲಯ ಇದೆ ಅಲ್ವಾ, ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದ 400 ಅಡಿ ಎತ್ತರದ ಲೆಕ್ಕ ಎಲ್ಲ ಕಡೆ ನಡೆಯಲ್ಲ.