ಪಣಂಬೂರಿನ ಉಪ್ಪುಗಾಳಿಯಲ್ಲಿ ಫ್ಯುಯಲ್ ಸೆಲ್ ಬಾಳಿಸಿದ್ದು: ನನ್ನ ಅನುಭವ

ಪಣಂಬೂರು ಕಡಲತೀರಕ್ಕೆ ಇಷ್ಟು ಹತ್ತಿರದ ಶೆಡ್ಡಿನಲ್ಲಿ, ಹೈಡ್ರೋಜನ್ನನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ವಿದ್ಯುತ್ ಮಾಡುವ ಹೈಡ್ರೋಜನ್ ಫ್ಯುಯಲ್ ಸೆಲ್ ಎರಡು ಮಳೆಗಾಲ ಬಾಳುವುದಿಲ್ಲ ಎಂದವರೇ ಹೆಚ್ಚು, ಮತ್ತು ಮೊದಲ ಮಳೆಗಾಲ ಅವರ ಮಾತನ್ನೇ ನಿಜ ಮಾಡಿತ್ತು. ಸುಮಾರು ಒಂದು ಕಿಲೋವಾಟಿನ ನಮ್ಮ ಪೆಮ್ ಸ್ಟ್ಯಾಕ್ (ಪ್ರೋಟಾನುಗಳನ್ನು ದಾಟಿಸುವ ತೆಳು ಪೊರೆಯ ಸೆಲ್ಲುಗಳ ಪೇರಿಕೆ) ಜೂನ್‌ನಲ್ಲಿ ಸೆಲ್ಲೊಂದಕ್ಕೆ 0.68 ವೋಲ್ಟಿನ ಆಸುಪಾಸಿನಲ್ಲಿದ್ದು, ಸೆಪ್ಟೆಂಬರ್ ಹೊತ್ತಿಗೆ ಅದೇ ಕರೆಂಟಿನಲ್ಲಿ 0.60ಕ್ಕೆ ಇಳಿಯಿತು. ಬಿಚ್ಚಿದಾಗ ಸೆಲ್ಲುಗಳ ನಡುವಿನ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳ ಗಾಳಿ ಒಳಬರುವ ಅಂಚಿನಲ್ಲಿ, ಲೇಪನ ತೆಳುವಾಗಿದ್ದಲ್ಲೆಲ್ಲ, ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳಿದ್ದವು. ಅಲ್ಲಿಂದ ಬಿಟ್ಟ ಕಬ್ಬಿಣ, ಸೆಲ್ಲಿನಲ್ಲಿ ಅಲ್ಪಸ್ವಲ್ಪ ಹುಟ್ಟುವ ಪೆರಾಕ್ಸೈಡನ್ನು ಬಲು ಚುರುಕಾದ ರ್‍ಯಾಡಿಕಲ್ಲುಗಳಾಗಿ ಒಡೆದು ಪೊರೆಯನ್ನು ತಿನ್ನುತ್ತಿತ್ತು; ಪೊರೆಯಲ್ಲಿ ಫ್ಲೋರಿನ್ ಇರುವುದರಿಂದ, ಹೊರಬರುವ ನೀರಿನಲ್ಲಿ ಏರಿದ್ದ ಫ್ಲೋರೈಡ್ ಅದಕ್ಕೆ ಸಾಕ್ಷಿ. ಇನ್ನು ಉಪ್ಪಿನಲ್ಲಿರುವ ಕ್ಲೋರೈಡ್ ವೇಗವರ್ಧಕವಾದ ಪ್ಲಾಟಿನಮ್ಮನ್ನು ಕರಗಿಸುತ್ತದೆ, ಸೋಡಿಯಂ ಪೊರೆಯಲ್ಲಿ ಪ್ರೋಟಾನಿನ ಜಾಗ ಹಿಡಿಯುತ್ತದೆ. ಹೊಸ ಎಂಇಎಗಳಿಗೆ (ಪೊರೆ ಮತ್ತು ವಿದ್ಯುದ್ವಾರಗಳ ಜೋಡಣೆ) ಒಂದೂವರೆ ಲಕ್ಷದಷ್ಟು ಹೋಯಿತು.

ಪೂರೈಕೆದಾರರೊಬ್ಬರು ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ, ಗಾಳಿಯ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಕೊಟ್ಟು, ಇನ್ನು ಚಿಂತೆಯಿಲ್ಲ ಎಂದರು. ಫೆಬ್ರವರಿಯಲ್ಲಿ ಕ್ಯಾಥೋಡಿನ, ಅಂದರೆ ಗಾಳಿ ಹೋಗುವ ಬದಿಯ, ನೀರಿಗೆ ಕ್ಲೋರೈಡನ್ನು ಬೆಳ್ಳಗೆ ತೋರಿಸುವ ಸಿಲ್ವರ್ ನೈಟ್ರೇಟ್ ಹನಿಸಿದರೆ ನೀರು ತಿಳಿಯಾಗಿಯೇ ಉಳಿಯುತ್ತಿತ್ತು. ಜುಲೈಯಲ್ಲಿ ಅದೇ ಫಿಲ್ಟರಿನ ಹಿಂದೆ ಹಿಡಿದ ನೀರು ಹನಿ ಬಿದ್ದೊಡನೆ ಬೆಳ್ಳಗೆ ಕದಡುತ್ತಿತ್ತು. ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನಿಜಕ್ಕೂ ಇರುವ ಪಾಲು) 75 ಶೇಕಡಾ ದಾಟಿದರೆ ಉಪ್ಪಿನ ಕಣ ತಾನೇ ನೀರು ಹೀರಿ ದ್ರವವಾಗುತ್ತದೆ, ಮತ್ತು ಫಿಲ್ಟರಿನಲ್ಲಿ ಸಿಕ್ಕಿಬಿದ್ದ ಆ ದ್ರವ ಮೆಲ್ಲಗೆ ಜಿನುಗಿ ಆಚೆ ಬದಿಯಿಂದ ಹೊರಡುತ್ತದೆ.

ಹಾಗಾಗಿ ಗಾಳಿಯನ್ನು ಫಿಲ್ಟರಿಗೆ ಮುಂಚೆಯೇ ಬಿಸಿ ಮಾಡಲು ನಿರ್ಧರಿಸಿದೆ. ಪೊರೆಗೆ ತೇವ ಬೇಕಿರುವಾಗ ಗಾಳಿಯನ್ನು ಒಣಗಿಸುವುದೆಂದರೆ ಸ್ಟ್ಯಾಕನ್ನು ಕೈಯಾರೆ ಕೊಂದಂತೆ ಎಂದು ಸ್ನೇಹಿತರು ನಕ್ಕರು. ಆದರೆ ಬಿಸಿ ಮಾಡಿದರೆ ಗಾಳಿಯಲ್ಲಿನ ನೀರಾವಿ ಎಲ್ಲಿಗೂ ಹೋಗುವುದಿಲ್ಲ, ಡ್ಯೂ ಪಾಯಿಂಟ್ (ಆವಿ ಹನಿಗಟ್ಟುವ ಉಷ್ಣತೆ) ಇದ್ದಲ್ಲೇ ಇರುತ್ತದೆ. ಉಪ್ಪು ಮಾತ್ರ ಮತ್ತೆ ಹರಳಾಗಿ ಫಿಲ್ಟರಿನಲ್ಲಿ ನಿಲ್ಲುತ್ತದೆ. 28 ಡಿಗ್ರಿಯ, 90 ಶೇಕಡಾ ಆರ್ದ್ರತೆಯ ಗಾಳಿಯನ್ನು 42 ಡಿಗ್ರಿಗೆ ಏರಿಸಿದರೆ ಆರ್ದ್ರತೆ 41ರ ಹತ್ತಿರಕ್ಕೆ ಬರುತ್ತದೆ. ಆರ್ದ್ರತೆಯನ್ನು 65ಕ್ಕೆ ನಿಲ್ಲಿಸಿದರೆ ಸಾಲದು, ಒಮ್ಮೆ ಕರಗಿದ ಉಪ್ಪು 45ರ ಸುತ್ತ ಇಳಿಯುವವರೆಗೆ ಹರಳಾಗುವುದಿಲ್ಲ. ಬಿಸಿಗೆ ಸ್ಟ್ಯಾಕಿನ ಕೂಲಿಂಗ್ ನೀರೇ ಸಾಕು, ಹಳೆಯ ಕಾರಿನ ಹೀಟರ್ ಕೋರ್ ಸೇರಿ ಎಂಟು ಸಾವಿರದೊಳಗೆ ಮುಗಿಯಿತು. ಸ್ಟ್ಯಾಕ್ ತಣ್ಣಗಿರುವ ಮೊದಲ ನಿಮಿಷಗಳಿಗೆ ಬೇರೆ ಏರ್ಪಾಟಿದೆ, ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ನಡುವೆ ನಮ್ಮೂರಿನ ಗೇರುಬೀಜದ ಸಿಪ್ಪೆಯೆಣ್ಣೆಯ ರಾಳಕ್ಕೆ ಗ್ರಾಫೈಟ್ ಪುಡಿ ಬೆರೆಸಿ ಪ್ಲೇಟುಗಳನ್ನೂ ಒತ್ತಿದೆ. ತುಕ್ಕಿನ ಪ್ರಶ್ನೆಯೇ ಇರಲಿಲ್ಲ, ಬೆಲೆಯೂ ಲೋಹದ ಪ್ಲೇಟಿನ ಕಾಲುಭಾಗ. ಆದರೆ ಬಿಸಿನೀರಿನಲ್ಲಿ ರಾಳದಿಂದ ಏನೋ ಬಿಟ್ಟುಕೊಂಡು ನೀರು ಹಳದಿಯಾಯಿತು, ಬೋಲ್ಟ್ ಬಿಗಿದಾಗ ಮೂಲೆಗಳೂ ಸೀಳಿದವು. ರಾಳವನ್ನು ಇನ್ನೂ ಹೆಚ್ಚು ಹೊತ್ತು ಬೇಯಿಸಿ ನೋಡಬೇಕೆಂದಿದ್ದೇನೆ.

ಸ್ಟ್ಯಾಕ್ ನಿಲ್ಲಿಸುವಾಗ ರೆಸಿಸ್ಟರ್ ಹಾಕಿ ಕ್ಯಾಥೋಡಿನ ಆಮ್ಲಜನಕ ಮುಗಿಸುವುದು ಎಲ್ಲರೂ ಬಲ್ಲದ್ದೇ. ಅದನ್ನು ಬಿಟ್ಟರೆ ಮುಂದಿನ ಸ್ಟಾರ್ಟಿನಲ್ಲಿ ಪ್ಲಾಟಿನಮ್ ಕೂತಿರುವ ಇಂಗಾಲ ಸುಡುವ ಅಪಾಯವಿದೆ.

ಕಳೆದ ಮಳೆಗಾಲವಿಡೀ ಓಡಿದ ಮೇಲೆ ಇಳಿಕೆ ಸೆಲ್ಲೊಂದಕ್ಕೆ ಹತ್ತು ಹನ್ನೆರಡು ಮಿಲಿವೋಲ್ಟಿನಲ್ಲೇ ನಿಂತಿತು, ಜುಲೈಯ ಸಿಲ್ವರ್ ನೈಟ್ರೇಟ್ ಪರೀಕ್ಷೆಯಲ್ಲೂ ನೀರು ಕದಡಲಿಲ್ಲ. ನಕ್ಕವರಲ್ಲಿ ಒಬ್ಬರು ಈಗ ಮಲ್ಪೆಯ ತಮ್ಮ ಘಟಕಕ್ಕೆ ಹೀಟರ್ ಕೋರ್ ಹುಡುಕುತ್ತಿದ್ದಾರೆ.