ಡೊಮೇನ್ ಕೊಳ್ಳುವ ಮುನ್ನ ರಿಜಿಸ್ಟ್ರಾರ್ ಆರಿಸುವುದು ಹೇಗೆ?

ಸಕಲೇಶಪುರದ ಹತ್ತಿರ ಹೋಮ್‌ಸ್ಟೇ ನಡೆಸುವ ಪರಿಚಯದವರೊಬ್ಬರ ವೆಬ್‌ಸೈಟ್ ಒಂದು ಶುಕ್ರವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಹೋಯಿತು. ತೆರೆದರೆ ಬರೀ ಜಾಹೀರಾತು. ಡೊಮೇನ್‌ನ, ಅಂದರೆ ಸೈಟಿನ ವಿಳಾಸವಾದ ಹೆಸರಿನ, ಅವಧಿ ಮುಗಿದಿತ್ತು. ನೆನಪಿಸುವ ಮೇಲ್‌ಗಳೆಲ್ಲ ಸೈಟ್ ಮಾಡಿಕೊಟ್ಟ ಹುಡುಗನಿಗೆ ಹೋಗಿದ್ದವು. ಅವನು ತನ್ನದೇ ಅಕೌಂಟಿನಲ್ಲಿ ಡೊಮೇನ್ ತೆಗೆದುಕೊಂಡಿದ್ದ, ಈಗ ಅವನ ನಂಬರ್ ಸ್ವಿಚ್ ಆಫ್. ಬೋರ್ಡು, ವಿಸಿಟಿಂಗ್ ಕಾರ್ಡು, ಜೀಪಿನ ಬಾಗಿಲು, ಎಲ್ಲದರ ಮೇಲೂ ಬರೆಸಿದ್ದ ವಿಳಾಸ ಅದು. ಇಂಥ ಪೇಚಾಟವನ್ನು ನಾನು ಐದಾರು ಸಲ ನೋಡಿದ್ದೇನೆ. ಪ್ರತಿ ಸಲವೂ ತಪ್ಪಾಗಿದ್ದು ಡೊಮೇನ್ ಕೊಂಡ ದಿನವೇ.

ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಇಡುವುದು ಅಮೆರಿಕದ ವೆರಿಸೈನ್. ಡಾಟ್ ಇನ್ ಮತ್ತು ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳು ನಮ್ಮ ನಿಕ್ಸಿ ಸಂಸ್ಥೆಯ ಉಸ್ತುವಾರಿಯಲ್ಲಿವೆ. ಅವರಿಗೂ ನಮಗೂ ನಡುವೆ ಇರುವ ಅಂಗಡಿಯವನೇ ರಿಜಿಸ್ಟ್ರಾರ್. ಇವನನ್ನು ಆರಿಸುವಾಗ ಅವಸರ ಬೇಡ.

ಮೊದಲು ಮಾನ್ಯತೆ ನೋಡಿ. ಡಾಟ್ ಕಾಮ್‌ಗಾದರೆ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕ್ಯಾನ್‌ನ ಪಟ್ಟಿಯಲ್ಲಿ, ಡಾಟ್ ಇನ್‌ಗಾದರೆ ನಿಕ್ಸಿ ಪಟ್ಟಿಯಲ್ಲಿ ಆ ಕಂಪನಿಯ ಹೆಸರು ಇರಬೇಕು. ಇಲ್ಲವೆಂದರೆ ಅವರು ಮರುಮಾರಾಟಗಾರರು. ಎಲ್ಲ ಮರುಮಾರಾಟಗಾರರೂ ಕೆಟ್ಟವರಲ್ಲ, ಆದರೆ ನಾನಂತೂ ನೇರ ರಿಜಿಸ್ಟ್ರಾರ್ ಹತ್ತಿರವೇ ಹೋಗುತ್ತೇನೆ. ಮಾನ್ಯತೆ ಏಕೆ ಬೇಕು ಅನ್ನುವುದಕ್ಕೆ 2007ರ ಒಂದು ಪ್ರಕರಣ ಇದೆ. ಅಮೆರಿಕದ ರಿಜಿಸ್ಟರ್‌ಫ್ಲೈ ಕಂಪನಿ ಮೇಲೆ ದೂರುಗಳು ರಾಶಿ ಬಿದ್ದಾಗ ಐಕ್ಯಾನ್ ಅದರ ಮಾನ್ಯತೆ ರದ್ದು ಮಾಡಿತು. ಅಲ್ಲಿದ್ದ ಲಕ್ಷಾಂತರ ಡೊಮೇನ್‌ಗಳು ಗೋಡ್ಯಾಡಿ ಎಂಬ ಇನ್ನೊಂದು ರಿಜಿಸ್ಟ್ರಾರ್‌ಗೆ ವರ್ಗವಾದವು. ಅಂಗಡಿ ಮುಚ್ಚಿದರೂ ಹೆಸರು ಉಳಿಯಲು ಮೇಲೊಬ್ಬರು ಇರಬೇಕು.

ಎರಡನೆಯದು ಬೆಲೆ. ಮೊದಲ ವರ್ಷದ ದರ ನೋಡಲೇಬೇಡಿ. ನವೀಕರಣದ ದರ ಎಷ್ಟು, ಜಿಎಸ್‌ಟಿ ಸೇರಿದೆಯಾ, ಅದನ್ನು ಮಾತ್ರ ನೋಡಿ. 99 ರೂಪಾಯಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎರಡನೇ ವರ್ಷದ ದರ ಕಾರ್ಟ್ ಪುಟದ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿರುತ್ತದೆ. ಅದೇ ಪುಟದಲ್ಲಿ ಸೈಟ್ ಬಿಲ್ಡರ್, ಮೇಲ್ ಪ್ಯಾಕೇಜ್ ಅಂತ ಮೊದಲೇ ಟಿಕ್ ಹಾಕಿಟ್ಟಿದ್ದರೆ ಎಲ್ಲ ತೆಗೆಯಿರಿ. ಡಾಟ್ ಕಾಮ್ ಹೆಸರು ಕೊಂಡವರ ವಿವರ ಹೊರಗಿನವರಿಗೆ ಕಾಣದಂತೆ ಮುಚ್ಚಿಡಲು ಬೇರೆ ದುಡ್ಡು ಕೇಳುವವರನ್ನು ಬಿಟ್ಟುಬಿಡಿ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಇದನ್ನು ಪುಕ್ಕಟೆ ಮಾಡಿಕೊಡುವವರು ಬೇಕಾದಷ್ಟಿದ್ದಾರೆ.

ಈಗ ಜನ ಎಡವುವ ಜಾಗಕ್ಕೆ ಬರೋಣ. ಒಳಗೆ ಹೋಗುವ ಮುಂಚೆ ಹೊರಗೆ ಬರುವ ದಾರಿ, ಅಂದರೆ ಡೊಮೇನ್ ಅನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವ ದಾರಿ, ನೋಡಿಕೊಳ್ಳಬೇಕು. ಇದನ್ನು ಹತ್ತರಲ್ಲಿ ಒಬ್ಬರೂ ಮಾಡುವುದಿಲ್ಲ. ದುಡ್ಡು ಕಟ್ಟುವ ಮುನ್ನ ಆ ಕಂಪನಿಯ ಸಹಾಯ ಪುಟಗಳಲ್ಲಿ ‘ಟ್ರಾನ್ಸ್‌ಫರ್’ ಅಂತ ಹುಡುಕಿ. ಡೊಮೇನ್‌ಗೆ ಬೇರೆಡೆಗೆ ಹೋಗದಂತೆ ತಡೆಯುವ ಒಂದು ಲಾಕ್ ಇರುತ್ತದೆ. ಅದನ್ನು ತೆಗೆಯುವ ಸ್ವಿಚ್ ನಿಮ್ಮ ಅಕೌಂಟಿನಲ್ಲೇ ಸಿಗಬೇಕು. ಆಮೇಲೆ ಆಥ್ ಕೋಡ್. ಅಂಕಿ ಅಕ್ಷರ ಬೆರೆತ ಪಾಸ್‌ವರ್ಡ್ ಥರದ್ದು, ಹೊಸ ರಿಜಿಸ್ಟ್ರಾರ್‌ಗೆ ಅದನ್ನು ಕೊಟ್ಟರೇ ಹೆಸರು ಅಲ್ಲಿಗೆ ಹೋಗುವುದು. ಒಳ್ಳೆಯ ಕಡೆ ಒಂದು ಬಟನ್ ಒತ್ತಿದರೆ ಕೋಡ್ ಬರುತ್ತದೆ. ಹಾಗೆ ಸಿಗದಿದ್ದರೆ, ಕೇಳಿದ 5 ದಿನಗಳೊಳಗೆ ಕೊಡಬೇಕು ಎಂದು ಐಕ್ಯಾನ್ ನಿಯಮವೇ ಇದೆ. ‘ಕಸ್ಟಮರ್ ಕೇರ್‌ಗೆ ಕರೆ ಮಾಡಿ’ ಅಂತಷ್ಟೇ ಬರೆದಿದ್ದರೆ ಆ ಪುಟ ಮುಚ್ಚಿ, ಮುಂದಿನ ಕಂಪನಿ ನೋಡಿ. ಇನ್ನೊಂದು ವಿಷಯ, ಹೊಸದಾಗಿ ತೆಗೆದುಕೊಂಡ ಡಾಟ್ ಕಾಮ್ ಅನ್ನು ಸಾಮಾನ್ಯವಾಗಿ 60 ದಿನ ಬೇರೆಡೆಗೆ ಒಯ್ಯಲು ಆಗುವುದಿಲ್ಲ. ಅದಕ್ಕೆ ರಿಜಿಸ್ಟ್ರಾರ್ ಜೊತೆ ಜಗಳ ಆಡಬೇಡಿ.

ಅವಧಿ ಮುಗಿದರೆ ಏನಾಗುತ್ತದೆ ಅನ್ನುವುದನ್ನೂ ಓದಿ. ಡಾಟ್ ಕಾಮ್‌ನಲ್ಲಿ ಮಾಮೂಲಿ ದರಕ್ಕೇ ನವೀಕರಿಸಲು ಕೆಲವು ದಿನ ಕೊಡುತ್ತಾರೆ. ಎಷ್ಟು ದಿನ ಅನ್ನುವುದು ರಿಜಿಸ್ಟ್ರಾರ್ ಕೈಯಲ್ಲಿದೆ. ಅದು ದಾಟಿ ಅಳಿಸುವ ಹಂತಕ್ಕೆ ಹೋದರೆ 30 ದಿನಗಳ ರಿಡೆಂಪ್ಷನ್ ಕಾಲ. ಆಗಲೂ ಬಿಡಿಸಿಕೊಳ್ಳಬಹುದು, ಆದರೆ ಶುಲ್ಕ ಜಾಸ್ತಿ. ಅದೂ ಕಳೆದರೆ ಇನ್ನು 5 ದಿನಕ್ಕೆ ಹೆಸರು ಯಾರ ಪಾಲಾದರೂ ಆಗಬಹುದು. ಈ ಶುಲ್ಕ ಎಷ್ಟೆಂದು ಸೈಟಿನಲ್ಲಿ ಬರೆದಿರದ ಕಂಪನಿ ನನಗೆ ಬೇಡ. ಹೋಮ್‌ಸ್ಟೇ ವಿಷಯದಲ್ಲಿ, ಹಾಸನದಲ್ಲಿದ್ದ ಆ ಹುಡುಗನ ಅಣ್ಣನನ್ನು ಹುಡುಕಿ ವಿಷಯ ಮುಟ್ಟಿಸುವ ಹೊತ್ತಿಗೆ ರಿಡೆಂಪ್ಷನ್ ಶುರುವಾಗಿತ್ತು. ನವೀಕರಣದ ಹಲವು ಪಟ್ಟು ಕಟ್ಟಿ ಬಿಡಿಸಿಕೊಂಡರು.

ಸಹಾಯವಾಣಿಯನ್ನೂ ಒಮ್ಮೆ ಪರೀಕ್ಷಿಸಿ. ಕೊಳ್ಳುವ ಮೊದಲೇ ಚಾಟ್‌ನಲ್ಲಿ ‘ಆಥ್ ಕೋಡ್ ಎಲ್ಲಿ ಸಿಗುತ್ತದೆ?’ ಅಂತ ಕೇಳಿ. ನೇರ ಉತ್ತರ ಬಂದರೆ ಸರಿ. ಆಫರ್ ಬಗ್ಗೆ ಹೇಳತೊಡಗಿದರೆ ಅರ್ಥ ಮಾಡಿಕೊಳ್ಳಿ.

ಅಕೌಂಟ್ ನಿಮ್ಮ ಹೆಸರಿನಲ್ಲೇ ತೆರೆಯಿರಿ. ಸೈಟ್ ಮಾಡುವವರು ಎಷ್ಟೇ ಬೇಕಾದವರಾಗಿರಲಿ, ‘ಎಲ್ಲ ನಾನೇ ನೋಡಿಕೊಳ್ತೀನಿ ಸಾರ್’ ಅಂದರೆ ಒಪ್ಪಬೇಡಿ. ಅವರಿಗೆ ಬೇಕಿರುವುದು ಡಿಎನ್ಎಸ್, ಅಂದರೆ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂಬ ಸೆಟ್ಟಿಂಗ್, ಬದಲಿಸುವ ಅವಕಾಶ ಮಾತ್ರ, ಅದನ್ನು ನೀವೇ ಪಕ್ಕದಲ್ಲಿ ಕೂತು ಮಾಡಿಕೊಡಬಹುದು. ಅಕೌಂಟಿಗೆ ಕೊಡುವ ಮೇಲ್ ವಿಳಾಸ ಅದೇ ಡೊಮೇನ್‌ನದ್ದು ಆಗಿರಬಾರದು. ಡೊಮೇನ್ ನಿಂತರೆ ಮೇಲೂ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದಾದರೂ ಎಲ್ಲಿಗೆ? ದಿನಾ ತೆರೆಯುವ ಬೇರೆ ಮೇಲ್ ಕೊಡಿ. ಎರಡು ಹಂತದ ಲಾಗಿನ್ ಹಾಕಿ. ಆಟೊ ರಿನ್ಯೂವಲ್ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಕಾರ್ಡ್ ಅವಧಿ ಮುಗಿದಿದ್ದರೆ ಹಣ ಕಡಿತವಾಗುವುದಿಲ್ಲ. ಅವಧಿ ಮುಗಿಯುವ ಒಂದು ತಿಂಗಳು ಮುಂಚಿನ ದಿನವನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಡಾಟ್ ಕಾಮ್ ಕೊಂಡ ಮೇಲೆ ಮೇಲ್ ವಿಳಾಸ ಖಚಿತಪಡಿಸಲು ಒಂದು ಲಿಂಕ್ ಬರುತ್ತದೆ. ಸ್ಪ್ಯಾಮ್ ಫೋಲ್ಡರನ್ನೂ ನೋಡಿ, ಅವತ್ತೇ ಒತ್ತಿಬಿಡಿ. 15 ದಿನಗಳೊಳಗೆ ಒತ್ತದಿದ್ದರೆ, ಹಣ ಕಟ್ಟಿದ ಡೊಮೇನ್ ಆದರೂ ಕೆಲಸ ನಿಲ್ಲಿಸಬಹುದು.